ಮೋಸಸಾರ್ ನಮ್ಮ ಉಡದ ಕಡೆ ನೆಂಟ

ದೊಡ್ಡದಾಗಿದ್ದು, ಬಾಯಿ ತುಂಬ ಹಲ್ಲಿದ್ದು, ಈಗ ಬದುಕಿಲ್ಲ ಅಂದರೆ ಮುಗೀತು, ಅದು ಡೈನೋಸಾರ್. ಪಾರ್ಕಿನ ಸಿಮೆಂಟ್ ಗೊಂಬೆಯಿಂದ ಹಿಡಿದು ವಾಟ್ಸಾಪ್ ಫಾರ್ವರ್ಡ್‌ವರೆಗೆ ಎಲ್ಲ ಕಡೆ ಇದೇ ಲೆಕ್ಕ. ನೀರಲ್ಲಿ ಈಜುತ್ತಿದ್ದರೆ 'ಸಮುದ್ರದ ಡೈನೋಸಾರ್' ಅಂತ ಒಂದು ಹೆಸರು ಅಂಟಿಸಿಬಿಡುತ್ತಾರೆ. ಮುಖ ನೋಡಿ ಮಣೆ ಹಾಕೋದು ಅಂದರೆ ಇದೇ. ಇದನ್ನು ನಾನು ಸಣ್ಣ ತಪ್ಪು ಅಂತ ಬಿಡಲಾರೆ. ಯಾಕಂದ್ರೆ ಈ ಪ್ರಾಣಿಗಳ ಕಥೆಯಲ್ಲಿ ನಿಜವಾಗಿ ಸ್ವಾರಸ್ಯ ಇರೋದೇ ಯಾರಿಗೆ ಯಾರು ಏನಾಗಬೇಕು ಅನ್ನೋದರಲ್ಲಿ.

ಮೂರು ದೊಡ್ಡ ಮನೆತನಗಳನ್ನು ನೆನಪಿಟ್ಟುಕೊಂಡರೆ ಸಾಕು. ಮೀನಿನ ಆಕಾರದ ಇಕ್ತಿಯೋಸಾರ್. ದೋಣಿಯ ಹುಟ್ಟುಗಳಂಥ ನಾಲ್ಕು ಕಾಲಿನ ಪ್ಲೀಸಿಯೋಸಾರ್, ಇದರಲ್ಲಿ ಉದ್ದ ಕತ್ತಿನವೂ ಇದ್ದವು, ಗಿಡ್ಡ ಕತ್ತಿನವೂ ಇದ್ದವು. ಮೂರನೆಯದು ಮೋಸಸಾರ್. ಮೂರೂ ಸರೀಸೃಪಗಳೇ, ಆದರೆ ಒಂದೂ ಡೈನೋಸಾರ್ ಅಲ್ಲ. ಈಗ ಬದುಕಿರುವ ಸರೀಸೃಪಗಳಲ್ಲಿ ಡೈನೋಸಾರ್‌ಗೆ ಹತ್ತಿರದವರು ಯಾರು ಅಂದರೆ ಮೊಸಳೆ. ಕೋಳಿ ಅಂತೂ ಆ ಮನೆಯದೇ ಕುಡಿ. ನಮ್ಮ ಆ ಮೂರು ಸಮುದ್ರದ ಮನೆತನಗಳ ಪೂರ್ವಜರು ನೆಲದ ಮೇಲೆ ಓಡಾಡಿಕೊಂಡಿದ್ದವು. ಆಮೇಲೆ ಬೇರೆ ಬೇರೆ ಕಾಲದಲ್ಲಿ ನೀರಿಗಿಳಿದವು. ಇಕ್ತಿಯೋಸಾರ್ ಸುಮಾರು 25 ಕೋಟಿ ವರ್ಷದ ಹಿಂದೆ ಬಂದು, 9 ಕೋಟಿ ವರ್ಷದ ಹಿಂದೆ ಇಲ್ಲವಾಯಿತು. ಮೋಸಸಾರ್ ಜೋರಾಗಿ ಮೆರೆದದ್ದು ಅದು ಹೋದ ಮೇಲೆ. 6.6 ಕೋಟಿ ವರ್ಷದ ಹಿಂದಿನ ಆ ದೊಡ್ಡ ವಿನಾಶದಲ್ಲಿ ಮೋಸಸಾರ್, ಪ್ಲೀಸಿಯೋಸಾರ್ ಎರಡೂ ಹೋದವು.

ದಾವಣಗೆರೆಯ ಒಂದು ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಥರ್ಮೋಕೋಲ್‌ನಲ್ಲಿ ಕೆತ್ತಿದ ಇಕ್ತಿಯೋಸಾರ್ ಇಟ್ಟಿದ್ದರು. ಚೆನ್ನಾಗಿಯೇ ಮಾಡಿದ್ದರು. ಪಕ್ಕದಲ್ಲಿ ನಿಂತಿದ್ದ ಹುಡುಗಿ ನನ್ನನ್ನೇ ಕೇಳಿದಳು: "ಅಂಕಲ್, ಮೂತಿ ಡಾಲ್ಫಿನ್ ಥರಾನೇ ಐತಲ್ಲ, ಹಂಗಾದ್ರೆ ಡಾಲ್ಫಿನ್ ಇದರ ಮರಿಮಗನಾ?" ಎಂಥ ಒಳ್ಳೆ ಪ್ರಶ್ನೆ! ಅಲ್ಲಮ್ಮ, ಬಾಲ ನೋಡು ಅಂದೆ. ಡಾಲ್ಫಿನ್ ಬಾಲ ಅಡ್ಡಕ್ಕೆ ಚಪ್ಪಟೆ, ಮೇಲೆ ಕೆಳಗೆ ಆಡುತ್ತೆ. ಇಕ್ತಿಯೋಸಾರ್ ಬಾಲ ಮೀನಿನ ಹಾಗೆ ನೆಟ್ಟಗೆ ನಿಂತಿರುತ್ತೆ, ಅತ್ತ ಇತ್ತ ಬೀಸುತ್ತೆ. ಒಂದು ಹಾಲು ಕುಡಿಸುವ ಜಾತಿ, ಇನ್ನೊಂದು ಸರೀಸೃಪ. ವೇಗವಾಗಿ ಈಜಬೇಕು ಅಂದರೆ ನೀರು ಎಲ್ಲರ ಮೈಯನ್ನೂ ಹೆಚ್ಚುಕಮ್ಮಿ ಒಂದೇ ಥರ ತೀಡುತ್ತೆ. ರೂಪ ಒಂದೇ ಆದ ಮಾತ್ರಕ್ಕೆ ರಕ್ತ ಸಂಬಂಧ ಆಗಲ್ಲ.

ದೊಡ್ಡ ದೊಡ್ಡ ಪಂಡಿತರೂ ಇಲ್ಲೇ ಎಡವಿದ್ದು. ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲ ದಂಡೆಯಲ್ಲಿ 1811ರಲ್ಲಿ, ಮುಂದೆ ಪಳೆಯುಳಿಕೆ ಹುಡುಕೋದರಲ್ಲಿ ಹೆಸರಾದ ಮೇರಿ ಆನಿಂಗ್‌ಳ ಅಣ್ಣನಿಗೆ ಇಕ್ತಿಯೋಸಾರ್‌ನ ಒಂದು ತಲೆಬುರುಡೆ ಸಿಕ್ಕಿತು. ಉಳಿದ ಮೈಯನ್ನು ಮರುವರ್ಷ ಮೇರಿಯೇ ಹುಡುಕಿದಳು. ಆಗಿನ್ನೂ ಚಿಕ್ಕ ಹುಡುಗಿ, ಬಡವರ ಮನೆಯವಳು. ಅದನ್ನು ಓದಿ ವಿವರಿಸಿದ ಎವೆರಾರ್ಡ್ ಹೋಮ್ ಎಂಬ ದೊಡ್ಡ ವೈದ್ಯ ಮಹಾಶಯ ಮೊದಲು ಮೀನಿನ ಕಡೆ ವಾಲಿದ. ಆಮೇಲೆ ಹಲ್ಲಿ ಜಾತಿಗೂ, ಕಪ್ಪೆ ಬಳಗದ ಸಲಮಾಂಡರಿಗೂ ನಡುವಿನದ್ದು ಅಂದ.

ಮತ್ತೆ ಸಂಬಂಧ ಹುಡುಕೋದು ಹೇಗೆ? ಕಣ್ಣಿನ ಹಿಂದೆ ನೋಡಬೇಕು. ತಲೆಬುರುಡೆಯ ಆ ಜಾಗದಲ್ಲಿ ತೂತುಗಳಿರುತ್ತವೆ, ದವಡೆಯ ಸ್ನಾಯುಗಳಿಗೆ ಸೇರಿದ್ದು. ಮೊಸಳೆಗೆ ಪ್ರತಿ ಬದಿಯಲ್ಲೂ ಎರಡೆರಡು. ಇಕ್ತಿಯೋಸಾರ್, ಪ್ಲೀಸಿಯೋಸಾರ್ ಎರಡಕ್ಕೂ ಮೇಲಿನ ಒಂದೇ ತೂತು. ಹಾಗಾಗಿ ಬಹಳ ಕಾಲ ಇವೆರಡನ್ನೂ ಯೂರಿಯಾಪ್ಸಿಡಾ ಅಂತ ಒಂದೇ ಸೂರಿನಡಿ ಕೂರಿಸಿದ್ದರು. ಆಮೇಲೆ ಗೊತ್ತಾಯಿತು, ಇವೂ ಎರಡು ತೂತಿನ ವಂಶದವೇ. ಕೆಳಗಿನ ತೂತಿನ ಅಂಚಿನ ಎಲುಬು ಹೋಗಿ, ಅದು ಬರೀ ಬಾಗಿದ ಅಂಚಾಗಿ ಉಳಿದಿತ್ತು. ಎಲುಬು ಕಳೆದುಕೊಳ್ಳೋದು ಎರಡು ಮನೆಯಲ್ಲೂ ಬೇರೆ ಬೇರೆಯಾಗಿ ಆಗಬಹುದು. ಅಲ್ಲಿಗೆ ಆ ಹಳೇ ಗುಂಪು ಮುರಿದುಬಿತ್ತು. ಹಾಗಂತ ಜಗಳ ಮುಗಿದಿಲ್ಲ. ಬೇರೆ ಎಲುಬುಗಳ ಲೆಕ್ಕ ಹಿಡಿದು, ಇವೆರಡೂ ಹತ್ತಿರದ ದಾಯಾದಿಗಳೇ ಅನ್ನುವವರು ಇವತ್ತೂ ಇದ್ದಾರೆ. ಪ್ಲೀಸಿಯೋಸಾರ್ ಕಡೆಯವರಿಗೆ ಆಮೆ ನೆಂಟ ಅನ್ನುವವರೂ ಇದ್ದಾರೆ. 2014ರಲ್ಲಿ ಚೀನಾದ ಆನ್ಹುಯಿಯಿಂದ ಕಾರ್ಟೋರಿಂಕಸ್ ಅನ್ನೋ ಪುಟ್ಟ ಪ್ರಾಣಿಯನ್ನು ವಿವರಿಸಿದರು. ಇಕ್ತಿಯೋಸಾರ್‌ನ ಬಂಧು, ನೆಲದ ಮೇಲೂ ತೆವಳುತ್ತಿದ್ದಿರಬಹುದು ಅಂತಾರೆ. ಇಂಥ ಜಗಳಗಳನ್ನು ಮಕ್ಕಳಿಗೆ ಹೇಳಬೇಕು ಕಣ್ರೀ. ನಾವು ಬರೀ ಬಿಟ್ಟ ಸ್ಥಳ ತುಂಬಿಸ್ತೀವಿ.

ನನಗೆ ಎಲ್ಲಕ್ಕಿಂತ ಇಷ್ಟ ಮೋಸಸಾರ್ ಕಥೆ. ಹಾಲೆಂಡಿನ ಮಾಸ್ಟ್ರಿಕ್ಟ್‌ನ ಸುಣ್ಣದ ಕಲ್ಲಿನ ಗಣಿಯಲ್ಲಿ 18ನೇ ಶತಮಾನದಲ್ಲಿ ಅದರ ದೊಡ್ಡ ದವಡೆ ಸಿಕ್ಕಿತು. ಊರಿನ ಡಾಕ್ಟರು ಮೊಸಳೆ ಅಂದರು. ಅಂಗರಚನೆಯ ಪಂಡಿತ ಪೀಟ್ರಸ್ ಕ್ಯಾಂಪರ್ ತಿಮಿಂಗಿಲ ಅಂದ. ಅವನ ಮಗ ಆಡ್ರಿಯಾನ್ ಅಪ್ಪನ ಮಾತು ಕೇಳಲಿಲ್ಲ. ಅದೇ ಎಲುಬುಗಳನ್ನು ಮತ್ತೆ ನೋಡಿ, ಇದು ಉಡದ ಜಾತಿಗೆ ಹತ್ತಿರ ಅಂದ. 1808ರಲ್ಲಿ ಪ್ಯಾರಿಸ್ಸಿನ ಹೆಸರಾಂತ ಪ್ರಾಣಿವಿಜ್ಞಾನಿ ಕ್ಯೂವಿಯೆ ಕೂಡ ಮಗನ ಪಕ್ಷ ವಹಿಸಿದ.

ಹೌದು, ನಮ್ಮ ಉಡವೇ. ಚಳ್ಳಕೆರೆ ಕಡೆ ಶೇಂಗಾ ಹೊಲದ ಬದುವಿನಲ್ಲಿ ಬಿಸಿಲು ಕಾಯುತ್ತಾ ಬಿದ್ದಿರುತ್ತಲ್ಲ, ಅದು. ಒಮ್ಮೆ ಸುಮ್ನೆ ಕೂತು ಗಮನಿಸಿ. ತಲೆ ಸ್ವಲ್ಪ ಎತ್ತುತ್ತೆ. ಸೀಳು ನಾಲಿಗೆ ಹೊರಗೆ ಬಂದು ಗಾಳಿಯನ್ನು ಸವರಿ ಒಳಗೆ ಹೋಗುತ್ತೆ, ಥೇಟ್ ಹಾವಿನದೇ. ಕೆಳದವಡೆ ಮಧ್ಯದಲ್ಲಿ ಸ್ವಲ್ಪ ಬಾಗುತ್ತೆ. ಮೋಸಸಾರ್‌ಗೂ ಅಲ್ಲೇ ಒಂದು ಕೀಲಿತ್ತು. ಸಾಲದ್ದಕ್ಕೆ ಅದಕ್ಕೆ ಹಾವಿನ ಹಾಗೆ ಅಂಗುಳಲ್ಲೂ ಹಲ್ಲು, ಒಳಗೆ ಬಂದದ್ದು ಹಿಂದಕ್ಕೆ ಜಾರದ ಹಾಗೆ. ಅದಕ್ಕೇ 1869ರಲ್ಲಿ ಅಮೆರಿಕದ ಪಳೆಯುಳಿಕೆ ವಿಜ್ಞಾನಿ ಕೋಪ್, ಉಡ ಅಲ್ಲ, ಹಾವೇ ಇದಕ್ಕೆ ಹತ್ತಿರ ಅಂತ ಪಟ್ಟು ಹಿಡಿದ. ಆ ವ್ಯಾಜ್ಯ ಇನ್ನೂ ಇತ್ಯರ್ಥ ಆಗಿಲ್ಲ. ಎರಡರಲ್ಲಿ ಯಾರು ಗೆದ್ದರೂ ಮೋಸಸಾರ್ ಹಲ್ಲಿ-ಹಾವುಗಳ ಬಳಗದ್ದೇ. (ಉಡ ಹಿಡಿದು ಎಣ್ಣೆ ತೆಗೆಯೋ ಮಹಾನುಭಾವರಿಗೆ: ಅದು ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಜೈಲು ಗ್ಯಾರಂಟಿ ಅಂತಲೇ ಇಟ್ಕೊಳ್ಳಿ.)

ಇಷ್ಟು ಹೇಳಿದರೆ ನಮ್ಮ ದುರ್ಗದವರು ಕೇಳೋ ಮುಂದಿನ ಪ್ರಶ್ನೆ ಗೊತ್ತು: ಕೋಟೆ ಕಡೆ ಅಗೆದರೆ ಸಿಗುತ್ತಾ? ಸಿಗಲ್ಲ. ಸಮುದ್ರ ಇತ್ತು ನಿಜ. ಮರಡಿಹಳ್ಳಿಯ ದಿಂಬಿನಂಥ ಲಾವಾ ಕಲ್ಲುಗಳೇ ಸಾಕ್ಷಿ. ನೀರಿನೊಳಗೆ ಉಕ್ಕಿದ ಲಾವಾ ತಕ್ಷಣ ತಣಿದರೆ ಮಾತ್ರ ಹಾಗೆ ಉಂಡೆ ಉಂಡೆ ಆಗೋದು. ಜಿಯಾಲಾಜಿಕಲ್ ಸರ್ವೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದಾರೆ. ಆದರೆ ಆ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ, ಮೊದಲ ಇಕ್ತಿಯೋಸಾರ್‌ಗಿಂತ ಹತ್ತು ಪಟ್ಟು ಹಳೇದು. ಆಗಿನ ಆ ಸಮುದ್ರದಲ್ಲಿ ಒಂದು ಮೀನೂ ಇರಲಿಲ್ಲ.

ನಮ್ಮ ದೇಶದ ಇಕ್ತಿಯೋಸಾರ್ ಬೇಕು ಅಂದರೆ ಗುಜರಾತಿನ ಕಛ್ ಕಡೆ ಹೋಗಬೇಕು. ಅಲ್ಲಿ ಲೋಡಾಯಿ ಹತ್ತಿರ ಸಿಕ್ಕಿದ ಸುಮಾರು 5.5 ಮೀಟರ್ ಉದ್ದದ, ಬಹುತೇಕ ಪೂರ್ತಿ ಅಸ್ಥಿಪಂಜರದ ವಿವರ 2017ರಲ್ಲಿ ಪ್ರಕಟವಾಯಿತು. ಅಷ್ಟು ದೂರ ಆಗಲ್ಲ ಅನ್ನುವವರಿಗೆ ತಮಿಳುನಾಡಿನ ಅರಿಯಲೂರು ಸೀಮೆ ಹತ್ತಿರ. ಅಲ್ಲಿ ಪೂರ್ತಿ ಮೈ ಸಿಕ್ಕಿಲ್ಲ, ಹಲ್ಲು, ಬೆನ್ನೆಲುಬಿನ ಮಣಿ ಸಿಕ್ಕಿವೆ.