ಪುಕ್ಕಟೆ ಕರಿ, ಬ್ರಹ್ಮಕಲಶದ ಊಟ ಮತ್ತು ಆರ್ಟ್ ತಿಯರಿ

ನಮ್ಮ ಕಾಸರಗೋಡಿನ ಕಡೆ ಚಿತ್ರ ಬಿಡಿಸುವವರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ: "ಕೈ ಓಡದವರು ತಿಯರಿ ಮಾತಾಡ್ತಾರೆ ಮಾರಾಯ್ರೇ." ಅತ್ತ ಬಿ.ವಿ.ಎ. (ದೃಶ್ಯಕಲೆಯ ಪದವಿ) ಮುಗಿಸಿ ಬಂದ ಮಕ್ಕಳದ್ದು ಬೇರೆ ಕಥೆ. ಕ್ಯಾನ್ವಾಸಿನಲ್ಲಿ ಎರಡು ಗೆರೆ, ಪಕ್ಕದ ಗೋಡೆಯಲ್ಲಿ ಒಂದೂವರೆ ಪುಟದ ಆರ್ಟಿಸ್ಟ್ ಸ್ಟೇಟ್‌ಮೆಂಟ್. ಅದರಲ್ಲಿ ದೇಹ, ಸ್ಮೃತಿ, ಅನ್ಯತೆ ಎಲ್ಲ ಉಂಟು, ಆ ಎರಡು ಗೆರೆ ಯಾಕೆ ಅಲ್ಲೇ ಬಂತು ಅನ್ನುವುದೊಂದು ಇಲ್ಲ. ಇಬ್ಬರ ಮೇಲೂ ನನಗೆ ತಕರಾರು ಉಂಟು.

ತಿಯರಿಯನ್ನು ಪರೀಕ್ಷೆಗೆ ಓದುತ್ತೇವೆ. ಹೆಸರು, ಇಸವಿ, ವ್ಯಾಖ್ಯೆ ಬಾಯಿಪಾಠ. ಬರೆದವರ ಕಣ್ಣೆದುರು ಆಗ ಯಾವ ಕೃತಿ ಇತ್ತು ಎಂದು ಕೇಳುವವರಿಲ್ಲ. ಅಮೆರಿಕದ ತತ್ವಜ್ಞಾನಿ ಆರ್ಥರ್ ಡಾಂಟೊ 1964ರಲ್ಲಿ 'ಆರ್ಟ್‌ವರ್ಲ್ಡ್' ಎಂಬ ಲೇಖನ ಬರೆದದ್ದು ನ್ಯೂಯಾರ್ಕಿನ ಸ್ಟೇಬಲ್ ಗ್ಯಾಲರಿಯಲ್ಲಿ ಕಲಾವಿದ ಆಂಡಿ ವಾರ್ಹೊಲ್ ಪೇರಿಸಿಟ್ಟ ಬ್ರಿಲ್ಲೊ (ಪಾತ್ರೆ ತಿಕ್ಕುವ ಸೋಪಿನ ಬ್ರಾಂಡ್) ಪೆಟ್ಟಿಗೆಗಳನ್ನು ನೋಡಿ ಬಂದ ಮೇಲೆ. ಅಂಗಡಿಯ ಪೆಟ್ಟಿಗೆಗೂ ಇದಕ್ಕೂ ನೋಡಲಿಕ್ಕೆ ವ್ಯತ್ಯಾಸ ಇಲ್ಲದಿದ್ದರೆ ಇದೊಂದು ಮಾತ್ರ ಕಲೆ ಹೇಗಾಯಿತು? ಮನುಷ್ಯ ಪೇಚಿಗೆ ಬಿದ್ದಿದ್ದ, ಅದಕ್ಕೇ ಬರೆದ. ವಿಮರ್ಶಕಿ ರೊಸಾಲಿಂಡ್ ಕ್ರಾಸ್ 1979ರಲ್ಲಿ ಶಿಲ್ಪದ ಬಗ್ಗೆ ಬರೆದ ಪ್ರಸಿದ್ಧ ಲೇಖನವೂ ಮೇರಿ ಮಿಸ್ ಎಂಬ ಕಲಾವಿದೆ ಬಯಲಿನಲ್ಲಿ ತೋಡಿದ ಹೊಂಡದ ವಿವರದಿಂದಲೇ ಶುರುವಾಗುತ್ತದೆ. ಕೃತಿ ಮೊದಲು, ಗಲಿಬಿಲಿ ಆಮೇಲೆ, ತಿಯರಿ ಮೂರನೆಯದು. ನಾವು ಮೂರನೆಯದನ್ನು ಮಾತ್ರ ಫೋಟೋಕಾಪಿ ಮಾಡಿಸಿಕೊಂಡು ಬರುತ್ತೇವೆ.

1992ರಲ್ಲಿ ಥಾಯ್ ಕಲಾವಿದ ರಿರ್‌ಕ್ರಿತ್ ತಿರವನಿಜ ನ್ಯೂಯಾರ್ಕಿನ ಒಂದು ಗ್ಯಾಲರಿಯ ಆಫೀಸಿನ ಸಾಮಾನನ್ನೆಲ್ಲ ಪ್ರದರ್ಶನದ ಕೋಣೆಗೆ ಸಾಗಿಸಿ, ಖಾಲಿಯಾದ ಜಾಗದಲ್ಲಿ ಥಾಯ್ ಕರಿ ಮಾಡಿ ಬಂದವರಿಗೆ ಅನ್ನದ ಜೊತೆ ಪುಕ್ಕಟೆ ಬಡಿಸಿದ. ಊಟವೇ ಕೃತಿ. ಇಂಥದ್ದನ್ನೆಲ್ಲ ನೋಡಿ ಫ್ರೆಂಚ್ ವಿಮರ್ಶಕ ನಿಕೋಲಾ ಬೂರಿಯೋ 1998ರಲ್ಲಿ 'ರಿಲೇಶನಲ್ ಈಸ್ತೆಟಿಕ್ಸ್' ಪುಸ್ತಕ ತಂದ: ಜನರ ನಡುವೆ ಹುಟ್ಟುವ ಸಂಬಂಧವೇ ಕಲೆಯ ಸಾಮಗ್ರಿ ಎಂದು. ಓದಿದಾಗ ನನಗೆ ನಗು ಬಂತು. ಹಾಗಾದರೆ ನಮ್ಮ ದೇವಸ್ಥಾನದ ಬ್ರಹ್ಮಕಲಶ ಉತ್ಸವದ ಊಟೋಪಚಾರ ಸಮಿತಿಯವರು ಎಂಥ ಕಲಾವಿದರು! ಹೊರೆಕಾಣಿಕೆಯಲ್ಲಿ (ಊರವರು ದೇವಸ್ಥಾನಕ್ಕೆ ಹೊತ್ತು ತರುವ ಕಾಣಿಕೆಯಲ್ಲಿ) ಬಂದ ತೆಂಗಿನಕಾಯಿ, ತರಕಾರಿ, ಸಾವಿರಾರು ಎಲೆ, ಊರಿಡೀ ಬಡಿಸುವವರು.

ಆದರೆ ತಿಯರಿ ಅಲ್ಲಿಗೆ ನಿಲ್ಲಲಿಲ್ಲ. ಕಲಾ ವಿಮರ್ಶಕಿ ಕ್ಲೇರ್ ಬಿಷಪ್ 2004ರಲ್ಲಿ ಬೂರಿಯೋವನ್ನು ತರಾಟೆಗೆ ತೆಗೆದುಕೊಂಡಳು. ಸಂಬಂಧ ಹುಟ್ಟಿತು ಸರಿ, ಎಂಥ ಸಂಬಂಧ, ಯಾರಿಗಾಗಿ, ಯಾಕೆ? ಆ ಕರಿ ತಿಂದವರೆಲ್ಲ ಹೆಚ್ಚುಕಡಿಮೆ ಗ್ಯಾಲರಿಗೆ ಬರುವ ಪರಿಚಯದವರೇ ಅಲ್ಲವೇ?

ಇಷ್ಟು ಓದಿದ ಮೇಲೆ ನನ್ನ ನಗು ನಿಂತಿತು. ಪಂಕ್ತಿ ಎಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಎಲ್ಲರಿಗೂ ಊಟ, ನಿಜ. ಅಡುಗೆ ಯಾರದ್ದು, ಒಳಗಿನ ಚಾವಡಿಯಲ್ಲಿ ಯಾರ ಎಲೆ, ಹೊರಗಿನ ಚಪ್ಪರದಲ್ಲಿ ಯಾರದ್ದು, ಕೊನೆಗೆ ಉಳಿದ ಹೊತ್ತಿಗೆ ಯಾರು ಕೂತರು? ಅಜ್ಜನ ಕಾಲದ್ದು ಅಂತ ತಳ್ಳಿಹಾಕುವವರು ಎರಡು ಕಡೆ ಊಟಕ್ಕೆ ಹೋಗಿ ಕಣ್ಣುಬಿಟ್ಟು ನೋಡಲಿ.

ನನ್ನ ಪರಿಚಯದ ಒಬ್ಬಳು ಹುಡುಗಿ, ಮುಳ್ಳೇರಿಯ ಕಡೆಯವಳು, ಕೋರ್ಸಿನ ಕೊನೆಯ ವರ್ಷಕ್ಕೆ ಭೂತದ ಅಣಿ (ಬೆನ್ನಿಗೆ ಕಟ್ಟುವ ಅಲಂಕಾರ), ಅಡಿಕೆ ಹಾಳೆಯ ಮೊಗ ಇವನ್ನೆಲ್ಲ ಗ್ಯಾಲರಿಯಲ್ಲಿ ತೂಗುಹಾಕಿ ಇನ್‌ಸ್ಟಲೇಶನ್ ಮಾಡುವವಳಿದ್ದಳು. (ಹೊರಗಿನವರಿಗೆ ಅದು ಬೇಗ ಹಿಡಿಸುತ್ತದೆ, ಅದೇ ಅದರ ರೋಗ.) ಬಿಷಪ್ ಓದಿದ ಮೇಲೆ ಅದನ್ನು ಬಿಟ್ಟಳು. ಊರಿನ ಮನೆಮನೆಗೆ ಹೋಗಿ ಹಿರಿಯರ ಕೈಗೆ ಕಾಗದ, ಇದ್ದಿಲು ಕೊಟ್ಟು, "ಜಾತ್ರೆಯ ದಿನ ನೀವು ಊಟಕ್ಕೆ ಕೂತ ಜಾಗ ಬಿಡಿಸಿ" ಎಂದಳು. ಅಂಗಳ ಒಂದೇ. ಕೆಲವರ ಕಾಗದದಲ್ಲಿ ಗರ್ಭಗುಡಿಯೇ ದೊಡ್ಡದು, ಒಬ್ಬ ಅಜ್ಜಿಯ ಕಾಗದದಲ್ಲಿ ಗುಡಿ ಮೂಲೆಯಲ್ಲಿ ಬೆರಳಿನಷ್ಟು, ಗದ್ದೆಯ ಹುಣಿಯೇ (ಬದುವೇ) ಕಾಗದ ತುಂಬ. ತಿಯರಿ ಅವಳಿಗೆ ವಿಷಯ ಕೊಡಲಿಲ್ಲ, ಮುಂದಿನ ಗೆರೆ ಯಾರು ಎಳೆಯಬೇಕು ಎಂಬುದನ್ನು ಬದಲಾಯಿಸಿತು. ಕೈಗೂ ಓದಿಗೂ ಇರುವ ನಂಟು ಇಷ್ಟೇ, ಆದರೆ ಇದು ಸಣ್ಣದಲ್ಲ.

ಬರೆದರೆ ಕೈ ಕೆಡುತ್ತದೆ ಎನ್ನುವವರಿಗೆ ಪಕ್ಕದ ಕಣ್ಣೂರು ಜಿಲ್ಲೆಯ ಕೂತ್ತುಪರಂಬದಲ್ಲಿ 1924ರಲ್ಲಿ ಹುಟ್ಟಿದ ಕಲಾವಿದ ಕೆ.ಜಿ. ಸುಬ್ರಮಣ್ಯನ್ ಅವರೇ ಉತ್ತರ. ಭಿತ್ತಿಚಿತ್ರ, ಟೆರಾಕೋಟ, ಮಕ್ಕಳ ಆಟಿಕೆ ಎಲ್ಲ ಮಾಡಿದರು, ಬರೋಡ, ಶಾಂತಿನಿಕೇತನಗಳಲ್ಲಿ ಪಾಠ ಹೇಳಿದರು, ಪುಸ್ತಕಗಳನ್ನೂ ಬರೆದರು. ಯಾವುದೂ ಕೆಡಲಿಲ್ಲ.

ಈಗ ಆ ಹುಡುಗಿಗೆ ಕಾಗದಗಳನ್ನು ಎಲ್ಲಿ ತೋರಿಸುವುದೆಂಬ ಸಮಸ್ಯೆ. ನಗರದ ಗ್ಯಾಲರಿಯಲ್ಲಿಟ್ಟರೆ ಬಿಷಪ್ ಕೇಳಿದ ಪ್ರಶ್ನೆ ಅವಳಿಗೇ ತಿರುಗಿ ಬರುತ್ತದೆ. ದೇವಸ್ಥಾನದ ಸಭಾಭವನಕ್ಕೆ ಸಮಿತಿ ಒಪ್ಪಬೇಕು, ಒಪ್ಪುವ ಲಕ್ಷಣ ಇಲ್ಲ. ಊರಿನ ವಾಚನಾಲಯದ ಹಾಲ್‌ನಲ್ಲಿ ಮೊದಲು ಇಡು, ಬಿಡಿಸಿದವರು ಬಂದು ಒಬ್ಬರದ್ದೊಬ್ಬರು ನೋಡಿ ಜಗಳ ಮಾಡಲಿ, ಗ್ಯಾಲರಿಯ ಮಾತು ಆಮೇಲೆ ಎಂದು ಹೇಳಿದ್ದೇನೆ. ಅವಳ ಮನೆಯವರಿಗೆ ಆ ಜಗಳದ್ದೇ ಹೆದರಿಕೆ.