ನೀರು ಹೋದ್ರೆ ವಾರಂಟಿ ಇಲ್ಲ ಅನ್ನೋರು ತೋಟದ ದೀಪ ಯಾಕೆ ಮಾರ್ತೀರಿ?

"ನೀರು ಹೋಗ್ಬಿಟ್ಟಿದೆ ಸಾರ್, ಇದಕ್ಕೆ ವಾರಂಟಿ ಬರಲ್ಲ."

ಅಷ್ಟೇ. ಅಂಗಡಿಯವನು ಸ್ಪೈಕ್ ಲೈಟನ್ನ, ಅಂದ್ರೆ ಮಣ್ಣಿಗೆ ಚುಚ್ಚಿ ನಿಲ್ಲಿಸೋ ತೋಟದ ದೀಪಾನ, ಕೌಂಟರ್ ಮೇಲೆ ತಲೆಕೆಳಗು ಹಿಡಿದು ಅಲ್ಲಾಡಿಸಿದ, ಎರಡು ಹನಿ ಬಿತ್ತು. ಆ ಹನೀನ ಬೆರಳಲ್ಲಿ ಒರೆಸಿ, ಹಿಂದೆ ನಿಂತಿದ್ದ ಗಿರಾಕಿಗಳಿಗೂ ತೋರಿಸಿದ. "ಗಿಡಕ್ಕೆ ಪೈಪಲ್ಲಿ ನೀರು ಬಿಟ್ಟಿದಾರೆ, ನೋಡಿ." ಏನೋ ಕಳ್ಳತನ ಸಿಕ್ಕಿಬಿದ್ದ ಹಾಗೆ! ಡಬ್ಬದ ಮೇಲೆ ಐಪಿ65 ಅಂತ ಅಚ್ಚು ಹಾಕಿದೆ, ಧೂಳು, ನೀರು ಎಷ್ಟು ತಡೆಯುತ್ತೆ ಅನ್ನೋ ಗುರುತು ಅದು. ಅದರ 5 ಅಂದ್ರೇನೇ, ಯಾವ ದಿಕ್ಕಿನಿಂದ ಪೈಪಿನ ನೀರು ರಭಸವಾಗಿ ಹೊಡೆದರೂ ದೀಪಕ್ಕೆ ಏನೂ ಆಗಬಾರದು ಅಂತ. ಡಬ್ಬ ತಿರುಗಿಸಿ ಅದನ್ನೇ ಓದಿ ಹೇಳಿದ್ರೆ, "ಅದು ಎಲ್ಲಾ ಕಂಪನಿಯೋರೂ ಹಾಕ್ತಾರೆ ಬಿಡಿ ಸಾರ್." ನಿಂತಿದ್ದೋರು ನಕ್ಕರು. ಹತ್ತು ದೀಪದ ದುಡ್ಡು ಕೊಟ್ಟು ಅಷ್ಟು ಜನರ ಎದುರು ಬಾಯಿ ಮುಚ್ಚಿಕೊಂಡು ಬರಬೇಕು.

ನೀರು ಎಲ್ಲಿಂದ ಹೋಯ್ತು ಅಂತ ಒಬ್ಬರಾದ್ರೂ ಬಿಚ್ಚಿ ನೋಡಿದ್ರಾ? ಗಾಜಿನ ಕಡೆಯಿಂದ ಅಲ್ಲವೇ ಅಲ್ಲ. ತಳದಲ್ಲಿ ವೈರು ಒಳಗೆ ಹೋಗೋ ಕಡೆ ಬಿಗಿಯೋ ಗ್ಲ್ಯಾಂಡ್ ದುಂಡಗಿದೆ, ಅದರಲ್ಲಿ ತೂರಿಸಿರೋದು ಚಪ್ಪಟೆ ಜೋಡಿ ವೈರು. ಎರಡೂ ಪಕ್ಕ ಸಂದು. ದೀಪ ಉರಿದಾಗ ಒಳಗಿನ ಗಾಳಿ ಹಿಗ್ಗಿರುತ್ತೆ, ಮಳೆ ಬಿದ್ದ ತಕ್ಷಣ ತಣ್ಣಗಾಗಿ ಕುಗ್ಗುತ್ತೆ, ಆ ಸಂದಿನಿಂದ ನೀರನ್ನ ಒಳಗೆ ಎಳ್ಕೊಳ್ಳುತ್ತೆ. ಅದು ಸಾಲದು ಅಂತ ಮಣ್ಣೊಳಗಿನ ಜಾಯಿಂಟ್‌ಗೆ ಬರೀ ಇನ್ಸುಲೇಶನ್ ಟೇಪ್! ಬತ್ತಿಗೆ ಎಣ್ಣೆ ಏರೋ ಹಾಗೆ ತಾಮ್ರದ ಎಳೆಗಳ ಮಧ್ಯೆ ನೀರು ಏರುತ್ತೆ. ಡಿಸಿ, ಅಂದ್ರೆ ಒಂದೇ ದಿಕ್ಕಿಗೆ ಹರಿಯೋ ಕರೆಂಟು ಆದ್ದರಿಂದ ಪ್ಲಸ್ ಕಡೆಯ ತಾಮ್ರ ಬೇಗ ಹಸಿರುಗಟ್ಟಿ ಪುಡಿಯಾಗುತ್ತೆ.

ಹೋಗ್ಲಿ ಬಿಡಿ. ಯಾರಿಗೂ ಬೇಕಾಗಿಲ್ಲ, ದಾರಿ ಕತ್ತಲಾಗೇ ಇರಲಿ.

ಇಲ್ಲ, ಯಾಕೆ ಬಿಡಬೇಕು? ಕೊನೆಯ ಮೂರು ದೀಪ ಮೊದಲ ದಿನದಿಂದಲೇ ಮಂಕು. ಎಲೆಕ್ಟ್ರಿಷಿಯನ್ ಅಂದಿದ್ದು, "ಪೀಸ್ ಡಲ್ ಬಂದಿದೆ." ಪೀಸ್ ಅಲ್ಲ ಸ್ವಾಮಿ, ವೈರು. 5 ವ್ಯಾಟಿನ 10 ದೀಪ, 12 ವೋಲ್ಟ್ ಅಂದ್ರೆ 4 ಆಂಪಿಯರ್ ಮೇಲೆ ಕರೆಂಟು. 20 ಮೀಟರ್ ದಾರಿಗೆ 1 ಸ್ಕ್ವೇರ್ ಎಂಎಂ ವೈರು, ಹೋಗಿ ಬರೋಕೆ 40 ಮೀಟರ್, 0.7 ಓಮ್. ದೀಪಗಳು ದಾರಿಯುದ್ದಕ್ಕೂ ಹಂಚಿರೋದ್ರಿಂದ ಮುಂದೆ ಹೋದಂತೆ ಕರೆಂಟು ಕಮ್ಮಿಯಾಗುತ್ತೆ, ಆದ್ರೂ ಕೊನೆಯ ದೀಪಕ್ಕೆ ಸಿಗೋದು ಹತ್ತೂವರೆ ವೋಲ್ಟೂ ಇಲ್ಲ. 2.5 ಸ್ಕ್ವೇರ್ ಎಂಎಂ ಹಾಕಿದ್ರೆ ನಷ್ಟ ಮುಕ್ಕಾಲು ವೋಲ್ಟಿಗಿಂತ ಕಮ್ಮಿ. ಅಥವಾ ಡ್ರೈವರನ್ನ, ಅಂದ್ರೆ 230 ವೋಲ್ಟನ್ನ 12ಕ್ಕೆ ಇಳಿಸೋ ಡಬ್ಬಾನ, ದಾರಿಯ ಮಧ್ಯಕ್ಕೆ ತಂದು ಎರಡೂ ಕಡೆ ಎಳೆದ್ರೆ, ಅದೇ ವೈರಲ್ಲೂ ನಷ್ಟ ಕಾಲು ಭಾಗದ ಹತ್ತಿರ ಇಳಿಯುತ್ತೆ. 24 ವೋಲ್ಟ್ ದೀಪ ತಗೊಂಡ್ರೆ ಕರೆಂಟೇ ಅರ್ಧ. ಇದನ್ನ ಮಾರೋರು ಹೇಳಬೇಕೋ ಬೇಡವೋ?

ಡ್ರೈವರ್ ಕಥೆಯೂ ಅದೇ. ಮನೆಯೊಳಗೆ ಇಡೋ, ಜಾಲರಿ ಡಬ್ಬದ ಡ್ರೈವರನ್ನ (ಎಸ್‌ಎಂಪಿಎಸ್) ತಂದು ಸಜ್ಜಾ ಕೆಳಗೆ ಮೊಳೆ ಹೊಡೆದು ನೇತುಹಾಕಿ ಹೋಗ್ತಾರೆ. 50 ವ್ಯಾಟ್ ಲೋಡಿಗೆ 50ರದ್ದೇ. 75 ವ್ಯಾಟಿನ, ಪೂರ್ತಿ ಸೀಲ್ ಆಗಿರೋ, ಸ್ವಲ್ಪ ಹೊತ್ತು ನೀರಲ್ಲಿ ಮುಳುಗಿದ್ರೂ ತಾಳೋ ಐಪಿ67 ಡ್ರೈವರೇ ಬೇಕು. 230 ವೋಲ್ಟ್ ಕಡೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದ್ರೆ ಕರೆಂಟು ಸೋರಿದ್ರೆ ತಕ್ಷಣ ಕಡಿಯೋ ಸ್ವಿಚ್ಚು, ಇರಲೇಬೇಕು.

ತಗೊಳ್ಳೋರು ದಯವಿಟ್ಟು ದೀಪದ ತಳ ನೋಡಿ ತಗೊಳ್ಳಿ. ದುಂಡು ರಬ್ಬರ್ ಕೇಬಲ್ ಇರಲಿ, ಐಪಿ67 ಇರಲಿ, 9ರಿಂದ 30 ವೋಲ್ಟ್ ತನಕ ಎಷ್ಟು ಬಂದ್ರೂ ಬೆಳಕನ್ನ ಒಂದೇ ಸಮ ಇಡೋ ಪುಟ್ಟ ಡ್ರೈವರ್ ಸರ್ಕ್ಯೂಟ್ ದೀಪದೊಳಗೇ ಇದೆಯಾ ಕೇಳಿ. ಬರೀ ರೆಸಿಸ್ಟರ್ ಇರೋದು ವೋಲ್ಟೇಜ್ ಇಳಿದಂತೆ ಮಂಕಾಗುತ್ತೆ. 3000 ಕೆಲ್ವಿನ್ ಒಳಗಿನ ಹಳದಿ ಬೆಳಕಿಗೆ ಹುಳ ಕಮ್ಮಿ. ಜಾಯಿಂಟ್‌ಗೆ ನೀರು ತಡೆಯೋ ಜೆಲ್ ತುಂಬಿದ ಕನೆಕ್ಟರ್, ಇಲ್ಲಾ ಒಳಗೆ ಅಂಟು ಇರೋ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಬಿಗಿಯಾಗೋ ಕೊಳವೆ) ಹಾಕಿ. ನೆಡೋ ಮೊದಲು ಅರ್ಧ ಗಂಟೆ ಉರಿಸಿ, ಕರೆಂಟ್ ತೆಗೆದು, ವೈರಿನ ತುದಿ ಹೊರಗಿಟ್ಟು ಬಕೆಟ್ ನೀರಲ್ಲಿ ಮುಳುಗಿಸಿ. ಗಾಜಿನೊಳಗೆ ಮಂಜು ಕಟ್ಟಿದ್ರೆ ಅವತ್ತೇ ವಾಪಸ್ ಕೊಡಿ.

ಆ 65ನ್ನ ಅಚ್ಚು ಹಾಕಿದೋರು ಯಾರಾದ್ರೂ ಇದನ್ನ ಓದ್ತಿದ್ರೆ ಹೇಳಿ: ಈ ದೀಪಕ್ಕೆ ಯಾವ ಲ್ಯಾಬಿನಲ್ಲಿ, ಯಾವತ್ತು ನೀರು ಹೊಡೆದು ನೋಡಿದ್ರಿ? ರಿಪೋರ್ಟ್ ಎಲ್ಲಿದೆ?