ಹಳ್ಳ ಒಂದೇ, ಅರ್ಜಿ ಹತ್ತು

ನಾನು ಮೂಡಿಗೆರೆ ಕಡೆಯವನು. ಈಗ ಇರುವುದು ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ. ಗ್ರೇಟ್ ಬ್ಯಾರಿಯರ್ ರೀಫ್ ಅನ್ನೋ ಹವಳದ ಸಾಲನ್ನು ನೋಡಿಕೊಳ್ಳುವ ಪ್ರಾಧಿಕಾರ ಇರುವುದೂ ಇದೇ ಊರಲ್ಲಿ. ಕಾಫಿ ಕುಯ್ಲಿನ ಹೊತ್ತಿಗೆ ಊರಿಗೆ ಬರುತ್ತೇನೆ. ಬಂದು ಹೋಗುವವರಿಗೆ ಹೋಲಿಸುವ ಚಟ ಜಾಸ್ತಿ, ಬೈಯಬೇಡಿ.

ಈ ಸಲ ತೋಟದ ಕೆಳಗಿನ ಹಳ್ಳಕ್ಕೆ ಇಳಿದೆ. ಚಿಕ್ಕವರಿದ್ದಾಗ ಅಲ್ಲಿ ಏಡಿ ಹಿಡಿಯುತ್ತಿದ್ದೆವು. ಈಗ ಕಲ್ಲುಗಳ ಮೇಲೆಲ್ಲ ಕೆಮ್ಮಣ್ಣು ಕೂತಿದೆ, ಕಾಲಿಟ್ಟರೆ ಜಾರುತ್ತದೆ. ಮೇಲಿನ ಗುಡ್ಡದಲ್ಲಿ ಸಾಲಾಗಿ ಹೋಮ್‌ಸ್ಟೇಗಳು. ಒಂದೊಂದಕ್ಕೂ ಜೆಸಿಬಿ ಕೊರೆದ ದಾರಿ. ಕಚೇರಿಯೊಂದರಲ್ಲಿ ವಿಚಾರಿಸಿದರೆ ಎಲ್ಲದಕ್ಕೂ ಕಾಗದ ಸರಿಯಾಗಿದೆ. "ಒಂದು ಹೋಮ್‌ಸ್ಟೇಯಿಂದ ಏನಾಗುತ್ತೆ ಸ್ವಾಮಿ?" ಅಂದರು. ಸುಳ್ಳಲ್ಲ. ಒಂದರಿಂದ ಏನೂ ಆಗುತ್ತಿರಲಿಲ್ಲ.

ರೀಫಿನಲ್ಲಿ ಪ್ರವಾಸಿಗಳಿಗೆ ಒಂದು ತೇಲುಕಟ್ಟೆ ಹಾಕಬೇಕು ಅಂತ ಅರ್ಜಿ ಬಂತು ಅಂತಿಟ್ಟುಕೊಳ್ಳಿ. ಏನೇನು ಕೆಡಬಹುದು ಅಂತ ಪ್ರಾಧಿಕಾರದವರು ಮೊದಲು ಬರೆದುಕೊಳ್ಳುತ್ತಾರೆ. ಕಟ್ಟೆಯ ನೆರಳಿಗೆ ಹವಳ ಸೊರಗಬಹುದು. ಚಂಡಮಾರುತಕ್ಕೆ ಸರಪಳಿ ಹರಿಯಬಹುದು. ಡೀಸೆಲ್ ಚೆಲ್ಲಬಹುದು. ಆಗುವ ಸಾಧ್ಯತೆ ಎಷ್ಟು, ಆದರೆ ಪೆಟ್ಟು ಎಷ್ಟು ಅಂತ ಅಳೆಯುತ್ತಾರೆ. ಷರತ್ತು ಹಾಕಿದ ಮೇಲೂ ಉಳಿಯುವ ಅಪಾಯವನ್ನು ಮತ್ತೆ ಅಳೆಯುತ್ತಾರೆ. ಇಷ್ಟಕ್ಕೇ ನಿಂತಿದ್ದರೆ ನಾನು ಬರೆಯುತ್ತಿರಲಿಲ್ಲ. ಅದೇ ಹವಳದ ಮೇಲೆ ಈಗಾಗಲೇ ಬೀಳುತ್ತಿರುವ ಪೆಟ್ಟನ್ನೂ ಕೂಡಿಸಬೇಕು: ನದಿ ತರುವ ಮಣ್ಣು, ಬಿಸಿಯಾದ ನೀರು, ಪಕ್ಕದವರ ದೋಣಿಗಳು. ನಾಳೆ ಕಟ್ಟೆ ಕಿತ್ತು ತೆಗೆಯುವ ಖರ್ಚಿಗೆ ಇವತ್ತೇ ಠೇವಣಿ ಇಡಿಸಿಕೊಳ್ಳಲೂಬಹುದು.

ರೀಫಿನ ಕಡೆಯ ವಿಟ್‌ಸಂಡೇ ದ್ವೀಪಗಳ ಕೊಲ್ಲಿಗಳಲ್ಲಿ ಪಿರಮಿಡ್ ಆಕಾರದ ಬಿಳಿ ಗುರುತುಗಳು ತೇಲುತ್ತಿರುತ್ತವೆ. ಅವುಗಳಿಂದ ದಡದ ಕಡೆಗೆ ಲಂಗರು ಹಾಕುವಂತಿಲ್ಲ. ಒಂದು ದೋಣಿಯ ಸರಪಳಿ ಎಳೆದಾಡಿದರೆ ಮುರಿಯುವ ಹವಳ ಸ್ವಲ್ಪವೇ. ಗುರುತು ಹಾಕಿರುವುದು ಆಮೇಲೆ ಬರುವ ದೋಣಿಗಳನ್ನು ನೆನೆದು.

ಇವರೇನು ಮಹಾ ಸಾಚಾಗಳಲ್ಲ. 2014ರಲ್ಲಿ ಅಬಾಟ್ ಪಾಯಿಂಟ್ ಬಂದರಿನ 30 ಲಕ್ಷ ಘನ ಮೀಟರ್ ಹೂಳನ್ನು ರೀಫಿನ ಸಮುದ್ರ ಉದ್ಯಾನದೊಳಗೇ ಸುರಿಯಲು ಇದೇ ಪ್ರಾಧಿಕಾರ ಒಪ್ಪಿಗೆ ಕೊಟ್ಟಿತ್ತು, 47 ಷರತ್ತು ಹಾಕಿ! ಜನ ಗಲಾಟೆ ಮಾಡಿದರು, ಹೂಳು ಅಲ್ಲಿ ಬೀಳಲಿಲ್ಲ. 2015ರಲ್ಲಿ ಬಂದರುಗಳಿಗಾಗಿ ಹೊಸದಾಗಿ ತೋಡಿದ ಹೂಳನ್ನು ಅಲ್ಲಿ ಸುರಿಯುವುದಕ್ಕೇ ನಿಷೇಧ ಬಂತು. ಇನ್ನು 2016ರಿಂದ ಮತ್ತೆ ಮತ್ತೆ ಬಿಸಿಗೆ ಬೆಳ್ಳಗಾಗುತ್ತಿರುವ ಹವಳವನ್ನು ಯಾವ ಪರವಾನಗಿಯೂ ಕಾಯಲಾರದು.

ರೀಫಿನ ಹಾಗೆ ನಮ್ಮ ಪಶ್ಚಿಮ ಘಟ್ಟವೂ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, 2012ರಿಂದ. ಕುದುರೆಮುಖವೂ ಅದರಲ್ಲಿದೆ. ಆದರೆ 25 ಮೆಗಾವ್ಯಾಟ್‌ಗಿಂತ ಚಿಕ್ಕ ಜಲವಿದ್ಯುತ್ ಘಟಕಕ್ಕೆ ಕೇಂದ್ರದ 2006ರ ಅಧಿಸೂಚನೆಯಲ್ಲಿ ಪರಿಸರ ಅನುಮತಿಯೇ ಬೇಕಿಲ್ಲ. ಸಕಲೇಶಪುರದ ಘಟ್ಟದಲ್ಲಿ ಒಂದೇ ಹೊಳೆಗೆ ಇಂಥ ಎಷ್ಟು ಘಟಕ ಬಂದರೂ ಒಂದೊಂದೂ ಚಿಕ್ಕದೇ, ಅಲ್ವಾ? ಎತ್ತಿನಹೊಳೆಯಂಥ ದೊಡ್ಡ ಯೋಜನೆ ಕೂಡ ಕುಡಿಯುವ ನೀರಿನದು ಅಂತ ಹೇಳಿ ಆ ಅನುಮತಿ ಇಲ್ಲದೆಯೇ ನಡೆಯಿತು. ಮುಳ್ಳಯ್ಯನಗಿರಿಗೆ ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿ ಹಾಕಿದ್ದು ನನಗೆ ಖುಷಿ ಕೊಟ್ಟಿತು. ಅಲ್ಲಿ ಒಟ್ಟು ಎಣಿಸಿದ್ದಾರೆ. ಗಾಡಿ ಎಣಿಸುವವರಿಗೆ ಗುಡ್ಡ ಕೊರೆದ ದಾರಿ ಎಣಿಸುವುದು ಕಷ್ಟವೇ?

ಈಗ ನನ್ನ ಚಿಕ್ಕಪ್ಪನ ಮಗನೂ ನಾಲ್ಕು ರೂಮಿಗೆ ಅರ್ಜಿ ಹಾಕುತ್ತಾನಂತೆ. ಕಾಫಿ ರೇಟು ಯಾವಾಗ ಬೀಳುತ್ತೋ ಅಂತ ಅವನಿಗೆ ಭಯ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ವರ್ಷಕ್ಕೆ ಮೂರು ವಾರ ಇರುವವನು ನಾನು. ಈ ಹಳ್ಳದ ಮೇಲೆ ಇನ್ನೂ ಎಷ್ಟು ಅರ್ಜಿ ಬಂದಿವೆ ಅಂತ ಒಮ್ಮೆ ಕೇಳಿ ನೋಡು ಅಂದೆ.

"ಅದನ್ನ ಯಾರನ್ನ ಕೇಳೋದು?" ಅಂದ.